ಹಂಗಾಮಿ ಸರ್ಕಾರದ ಧರ್ಮ

ಯುದ್ಧಕಾಲದಲ್ಲಿ ಪರರ ವಶವಾಗಿದ್ದ ನಾಡೊಂದು ಬಿಡುಗಡೆ ಹೊಂದಿದ ಮರುದಿನ ಅಲ್ಲಿ ಆಳಬೇಕಾದವರು ಯಾರು, ಆಳುವ ಹಕ್ಕು ಅವರಿಗೆ ಯಾವ ಮೂಲದಿಂದ ಬರುತ್ತದೆ ಎಂಬ ಪ್ರಶ್ನೆ ಮೇಲುನೋಟಕ್ಕೆ ರಾಜ್ಯಶಾಸ್ತ್ರದ್ದಾಗಿ ಕಂಡರೂ ಅದರ ಬೇರು ಇರುವುದು ಧರ್ಮವಿಚಾರದಲ್ಲಿ. ಕಾಯಂ ವ್ಯವಸ್ಥೆ ಏರ್ಪಡುವವರೆಗೆ ರಾಜ್ಯದ ಕೆಲಸ ನಡೆಸಿಕೊಂಡು ಹೋಗುವ ಆಡಳಿತವನ್ನು ಹಂಗಾಮಿ ಸರ್ಕಾರವೆಂದು ಕರೆಯುವುದು ರೂಢಿ. ಅದು ಹುಟ್ಟುವುದೇ ಇಕ್ಕಟ್ಟಿನಲ್ಲಿ: ಪ್ರಜೆಗಳ ಒಪ್ಪಿಗೆಯಿಲ್ಲದ ಸರ್ಕಾರ ನ್ಯಾಯವಾದುದಲ್ಲ ಎಂದಾದರೆ, ಆ ಒಪ್ಪಿಗೆಯನ್ನು ಕೇಳಿ ಪಡೆಯುವ ಏರ್ಪಾಡು ಮಾಡುವುದಕ್ಕೇ ಒಂದು ಸರ್ಕಾರ ಮೊದಲು ಇರಬೇಕಾಗುತ್ತದೆ, ಮತ್ತು ಆ ಮೊದಲ ಸರ್ಕಾರವನ್ನು ಯಾರೂ ಆರಿಸಿರುವುದಿಲ್ಲ. ಅಷ್ಟರಲ್ಲಿ ಕಂದಾಯದ ಕಂತು ಬಂದಿರುತ್ತದೆ, ಸೆರೆಯಲ್ಲಿರುವವರ ಗತಿ ನಿರ್ಧಾರವಾಗಬೇಕಾಗಿರುತ್ತದೆ, ಹಿಂದಿನವರು ಕೊಟ್ಟ ಇನಾಮು ಸನದುಗಳು ಊರ್ಜಿತವೋ ರದ್ದೋ ಎಂದು ಹಳ್ಳಿಯ ಶಾನುಭೋಗನಿಗೆ ಯಾರಾದರೂ ಹೇಳಬೇಕಾಗಿರುತ್ತದೆ.

ಈ ಪ್ರಶ್ನೆಯನ್ನು ಕೋಲಾರ ಸೀಮೆಯ ನೆಲದ ಮೇಲೆ ನಿಂತು ಕೇಳುವುದಕ್ಕೆ ಕಾರಣವಿದೆ. ಘಟ್ಟದ ಕೆಳಗಿನ ಆರ್ಕಾಟಿಗೂ ಮೇಲಿನ ಮೈಸೂರಿಗೂ ನಡುವೆ ಬಾಗಿಲಿನಂತಿದ್ದ ಈ ಸೀಮೆಯಲ್ಲಿ 18ನೆಯ ಶತಮಾನದ ಉತ್ತರಾರ್ಧದಲ್ಲಿ ಧ್ವಜಗಳು ಮತ್ತೆ ಮತ್ತೆ ಬದಲಾದವು. 1768ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಮುಳಬಾಗಿಲನ್ನೂ ಕೋಲಾರವನ್ನೂ ಹಿಡಿದಾಗ, ಗೆದ್ದ ಸೀಮೆಗಳು ತನ್ನ ಪಾಲಿಗೆ ಬರಬೇಕೆಂಬ ಆಸೆಯಿಂದ ಆರ್ಕಾಟಿನ ನವಾಬ ಮಹಮ್ಮದಾಲಿ ಸೈನ್ಯದ ಜೊತೆಗೇ ಬಂದಿದ್ದನು. ಅದೇ ವರ್ಷದ ಅಕ್ಟೋಬರಿನಲ್ಲಿ ಮುಳಬಾಗಿಲಿನ ಬಳಿ ಕಾಳಗ ನಡೆಯಿತು. 1769ರ ಏಪ್ರಿಲಿನಲ್ಲಿ ಮದರಾಸಿನಲ್ಲಿ ಆದ ಒಪ್ಪಂದದಂತೆ ಎರಡು ಕಡೆಯವರೂ ಗೆದ್ದುಕೊಂಡದ್ದನ್ನು ಹಿಂತಿರುಗಿಸಿದರು. 1791ರಲ್ಲಿ ಕೋಲಾರ ಮತ್ತೆ ಕಂಪನಿಯ ಕೈಸೇರಿ, ಮರುವರ್ಷದ ಸಂಧಿಯಲ್ಲಿ ಮತ್ತೆ ಮೈಸೂರಿಗೆ ಬಂದಿತು. ಈ ಯಾವ ಬದಲಾವಣೆಯಲ್ಲೂ ಮಾಲೂರಿನ ಒಕ್ಕಲಿಗನನ್ನು ಒಂದು ಮಾತು ಕೇಳಿದವರಿಲ್ಲ. ಕೇಳಬೇಕಾಗಿತ್ತೆಂಬ ಭಾವನೆಯೇ ಆಗಿನ ಅರಸರಿಗಾಗಲಿ ಕಂಪನಿಯವರಿಗಾಗಲಿ ಇರಲಿಲ್ಲವೆಂದು ಸಮಾಧಾನ ಹೇಳಬಹುದಾದರೂ, ನಮ್ಮ ಧರ್ಮಗ್ರಂಥಗಳಲ್ಲಿ ಆ ಭಾವನೆ ಇಲ್ಲದಿರಲಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮನು ಅರಾಜಕತೆಯ, ಅಂದರೆ ಅರಸನೇ ಇಲ್ಲದ ಸ್ಥಿತಿಯ ವಿಷಯವಾಗಿ ಒಂದು ಕಥೆ ಹೇಳುತ್ತಾನೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಮಾತ್ಸ್ಯನ್ಯಾಯ ತಲೆಯೆತ್ತಿದಾಗ ಜನರು ಒಟ್ಟಾಗಿ ಮೊದಲು ತಮ್ಮತಮ್ಮೊಳಗೆ ಒಂದು ಸಮಯವನ್ನು, ಎಂದರೆ ಕಟ್ಟುಪಾಡನ್ನು ಮಾಡಿಕೊಂಡರು. ಅದು ಸಾಲದೆಂದು ಕಂಡ ಮೇಲೆ ಬ್ರಹ್ಮನ ಬಳಿಗೆ ಹೋಗಿ ಅರಸನನ್ನು ಬೇಡಿದರು. ಬ್ರಹ್ಮನು ತೋರಿಸಿದ ಮನುವು ಆಳ್ವಿಕೆ ಪಾಪದ ಕೆಲಸವೆಂದು ಹಿಂಜರಿದನು. ಜನರು ಪಶು ಹಿರಣ್ಯಗಳಲ್ಲಿ ಐವತ್ತನೆಯ ಒಂದು ಪಾಲನ್ನೂ ಧಾನ್ಯದಲ್ಲಿ ಹತ್ತನೆಯ ಒಂದು ಪಾಲನ್ನೂ ಕೊಡುವುದಾಗಿ ಮಾತುಕೊಟ್ಟ ಮೇಲೆ ಒಪ್ಪಿದನು. ಈ ಕಥೆಯಲ್ಲಿ ಗಮನಿಸಬೇಕಾದದ್ದು ಘಟನೆಗಳ ಅನುಕ್ರಮ. ಜನರ ಕಟ್ಟುಪಾಡು ಮೊದಲು, ಅರಸು ಆಮೇಲೆ. ಆಳುವವನು ಇಲ್ಲದಿರುವಾಗಲೂ ಸಮಾಜವೆಂಬುದು ಇರುತ್ತದೆ, ಮತ್ತು ಆ ಬಿಡುವಿನಲ್ಲಿ ಅಧಿಕಾರ ಜನರ ಕೈಯಲ್ಲೇ ಉಳಿದಿರುತ್ತದೆ ಎಂಬ ತಿಳಿವಳಿಕೆ ಇದರೊಳಗೆ ಅಡಗಿದೆ.

ಇದೇ ಪ್ರಶ್ನೆಯನ್ನು ಗೆದ್ದವನ ಕಡೆಯಿಂದ ನೋಡಿದವರು ಮನುಸ್ಮೃತಿಕಾರ ಮತ್ತು ಕೌಟಿಲ್ಯ. ಮನುಸ್ಮೃತಿಯ ಏಳನೆಯ ಅಧ್ಯಾಯದ ಪ್ರಕಾರ ನಾಡನ್ನು ಗೆದ್ದವನು ಅಲ್ಲಿನ ಎಲ್ಲರ ಇಷ್ಟವೇನೆಂಬುದನ್ನು ಸಂಗ್ರಹವಾಗಿ ತಿಳಿದುಕೊಂಡು, ಸೋತ ಅರಸನ ವಂಶದವನೊಬ್ಬನನ್ನೇ ಅಲ್ಲಿ ನೆಲೆಗೊಳಿಸಿ, ಅವನೊಡನೆ ಕರಾರು ಮಾಡಿಕೊಂಡು, ಆ ನಾಡಿನವರ ಆಚಾರಗಳನ್ನು ಪ್ರಮಾಣವೆಂದು ಒಪ್ಪಬೇಕು. ಅರ್ಥಶಾಸ್ತ್ರದ ಹದಿಮೂರನೆಯ ಅಧಿಕರಣದಲ್ಲಿ ಲಬ್ಧಪ್ರಶಮನವೆಂಬ, ಅಂದರೆ ದಕ್ಕಿದ ನಾಡನ್ನು ಶಾಂತಗೊಳಿಸುವ ಪ್ರಕರಣವೇ ಇದೆ; ಗೆದ್ದವನು ಆ ಜನರ ವೇಷ, ಭಾಷೆ, ಆಚಾರಗಳನ್ನು ತನ್ನದಾಗಿಸಿಕೊಂಡು, ಅವರ ದೇವತೆಗಳನ್ನೂ ಉತ್ಸವಗಳನ್ನೂ ಗೌರವಿಸಿ, ಸೆರೆಯಾಳುಗಳನ್ನು ಬಿಟ್ಟು, ದೀನರಿಗೂ ರೋಗಿಗಳಿಗೂ ನೆರವಾಗಬೇಕೆಂದು ಅದು ವಿಧಿಸುತ್ತದೆ. ಮನುವಿನ ಮಾತಿನಲ್ಲಿ ಜನರ ಇಷ್ಟವನ್ನು ತಿಳಿಯುವುದು ಧರ್ಮದಂತೆ ಕೇಳಿದರೆ, ಕೌಟಿಲ್ಯನ ಮಾತಿನಲ್ಲಿ ಅದು ಜಾಣತನದಂತೆ ಕೇಳುತ್ತದೆ. ಎರಡರ ನಡುವಿನ ಗೆರೆ ಎಷ್ಟು ತೆಳುವಾದುದೆಂಬುದು 1799ರಲ್ಲಿ ಮೈಸೂರಿನಲ್ಲಿ ಗೊತ್ತಾಯಿತು. ಕೌಟಿಲ್ಯನ ಗ್ರಂಥ ಮೈಸೂರಿನಲ್ಲಿಯೇ ಆರ್. ಶಾಮಾಶಾಸ್ತ್ರಿಗಳ ಕೈಯಿಂದ ಬೆಳಕು ಕಂಡು ಅಚ್ಚಾದದ್ದು 1909ರಲ್ಲಿ. ಅದಕ್ಕೂ ನೂರಹತ್ತು ವರ್ಷ ಮುಂಚೆ ಶ್ರೀರಂಗಪಟ್ಟಣದಲ್ಲಿ ಕುಳಿತ ಕಂಪನಿಯ ಅಧಿಕಾರಿಗಳು ಅದನ್ನು ಓದದೆಯೇ ಅದರಂತೆ ನಡೆದರು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದು ಕೋಟೆ ಬಿದ್ದ ಮೇಲೆ, ರಾಜ್ಯದ ವಿಲೇವಾರಿಗಾಗಿ ಗವರ್ನರ್ ಜನರಲ್ ಒಂದು ಕಮಿಷನ್ ನೇಮಿಸಿದನು. ಜನರಲ್ ಹ್ಯಾರಿಸ್, ವೆಲ್ಲೆಸ್ಲಿ ಸೋದರರಿಬ್ಬರು, ಕರ್ಕ್‌ಪ್ಯಾಟ್ರಿಕ್ ಮತ್ತು ಬ್ಯಾರಿ ಕ್ಲೋಸ್ ಅದರ ಸದಸ್ಯರು. ಮುಂದೆ ಹೆಸರಾದ ಮ್ಯಾಲ್ಕಮ್ ಮತ್ತು ಮನ್ರೋ ಅದರ ಕಾರ್ಯದರ್ಶಿಗಳು. ಎರಡು ತಿಂಗಳೊಳಗೆ ಎಲ್ಲವೂ ಮುಗಿಯಿತು. ಕರಾವಳಿ ಮತ್ತು ಕೊಯಮತ್ತೂರು ಕಂಪನಿಗೆ, ಈಶಾನ್ಯದ ಸೀಮೆಗಳು ನಿಜಾಮನಿಗೆ ಎಂದು ಪಾಲಾದವು. ಉಳಿದ ನಾಡಿನ ಗದ್ದುಗೆಯ ಮೇಲೆ ಜೂನ್ 30ರಂದು ಇನ್ನೂ ಐದು ತುಂಬದ ಕೃಷ್ಣರಾಜ ಒಡೆಯರನ್ನು ಕೂರಿಸಲಾಯಿತು. ಟಿಪ್ಪುವಿನ ಬಳಿಯೇ ಮಂತ್ರಿಯಾಗಿದ್ದ ಪೂರ್ಣಯ್ಯ ದಿವಾನನಾದನು. ಟಿಪ್ಪುವಿನ ಮಕ್ಕಳಿಗೆ ರಾಜ್ಯ ಕೊಟ್ಟರೆ ಅವರು ದ್ವೇಷ ಮರೆಯಲಾರರು, ಹಳೆಯ ರಾಜಮನೆತನಕ್ಕೆ ಕೊಟ್ಟರೆ ಅದು ಋಣಿಯಾಗಿರುತ್ತದೆ ಎಂಬುದು ಲೆಕ್ಕಾಚಾರ. ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿಯವರು ವಂಶದ ಹಕ್ಕಿಗಾಗಿ 1782ರಿಂದಲೇ ಕಂಪನಿಯೊಡನೆ ಒಪ್ಪಂದದ ಮಾತು ನಡೆಸಿದ್ದರಿಂದ, ಕಂಪನಿಯ ಅನುಕೂಲಕ್ಕೆ ನ್ಯಾಯದ ಆಧಾರವೂ ಸಿಕ್ಕಿತು. ಮನುವು ಹೇಳಿದ ಕೆಲಸಗಳಲ್ಲಿ ವಂಶದವನನ್ನು ನಿಲ್ಲಿಸುವುದೂ ಕರಾರು ಮಾಡುವುದೂ ಚಾಚೂ ತಪ್ಪದೆ ಆದವು. ಎಲ್ಲರ ಇಷ್ಟವನ್ನು ತಿಳಿಯುವ ಮೊದಲನೆಯದು ಮಾತ್ರ ಆಗಲಿಲ್ಲ.

ಈ ಏರ್ಪಾಡನ್ನು ಪರರ ಹಿಡಿತದಿಂದ ನಾಡಿನ ಬಿಡುಗಡೆಯೆಂದೇ ಕಂಪನಿ ಸಾರಿತು. ಹೈದರ್ ಮತ್ತು ಟಿಪ್ಪುವಿನ ಆಳ್ವಿಕೆ ಅಪಹಾರ, ಅಂದರೆ ಹಕ್ಕಿಲ್ಲದೆ ಕಿತ್ತುಕೊಂಡದ್ದು ಎಂಬುದು ಅದರ ವಾದ. ಹೈದರ್ ಹುಟ್ಟಿದ್ದು ಇದೇ ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದನ ಗೋರಿ ಕೋಲಾರದಲ್ಲಿದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಪಾಳಯದಲ್ಲಿ ತೀರಿಕೊಂಡ ಹೈದರನ ದೇಹವನ್ನು ಶ್ರೀರಂಗಪಟ್ಟಣಕ್ಕೆ ಒಯ್ಯುವ ಮುಂಚೆ ಇರಿಸಿದ್ದೂ ಅಲ್ಲಿಯೇ. ಸ್ವಾಮಿಯಾದ ಅರಸನನ್ನು ಹೆಸರಿಗಷ್ಟೇ ಇಟ್ಟುಕೊಂಡು ತಾನೇ ಆಳಿದ್ದು ಹೈದರನ ಅಧರ್ಮವೆನ್ನುವುದಾದರೆ ಎನ್ನಬಹುದು. ಅವನು ಪರಕೀಯನೆನ್ನುವುದು, ಅದೂ ಸಮುದ್ರದಾಚೆಯಿಂದ ಬಂದವರ ಬಾಯಲ್ಲಿ, ಅಷ್ಟಾಗಿ ಒಪ್ಪುವ ಮಾತಲ್ಲ. ಅದೇ ಹೊತ್ತಿನಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಂದ ಧೋಂಡಿಯಾ ವಾಘ್ ತಾನು ಉಭಯಲೋಕಾಧೀಶ್ವರನೆಂದು ಸಾರಿಕೊಂಡು ಟಿಪ್ಪುವಿನ ಸೈನ್ಯದ ಉಳಿದವರನ್ನು ಕೂಡಿಸಿಕೊಂಡು, 1800ರ ಸೆಪ್ಟೆಂಬರಿನವರೆಗೆ ಹೋರಾಡಿ ಸತ್ತನು. ವಂಶ, ಖಡ್ಗ, ಬರಿಯ ಬಿರುದು ಈ ಮೂರರಲ್ಲಿ ಯಾವುದೂ ತಾನೇ ತಾನಾಗಿ ಆಳುವ ಹಕ್ಕನ್ನು ಹುಟ್ಟಿಸದೆಂಬುದನ್ನು ಆ ಒಂದು ವರ್ಷದ ಮೈಸೂರಿನಲ್ಲಿ ಒಟ್ಟಿಗೆ ಕಾಣಬಹುದು.

ಹಾಗಿದ್ದೂ ಪೂರ್ಣಯ್ಯನ ಆಡಳಿತವನ್ನು ಕಂಪನಿಯ ಕೈಗೊಂಬೆಯೆಂದು ತಳ್ಳಿಹಾಕುವುದು ದುಡುಕಾಗುತ್ತದೆ. ರೆಸಿಡೆಂಟನಾಗಿದ್ದ ಇತಿಹಾಸಕಾರ ವಿಲ್ಕ್ಸ್ ದಾಖಲಿಸಿರುವಂತೆ, ಹಿಂದಿನ ಕಂದಾಯದ ಬಾಕಿಯನ್ನೆಲ್ಲ ಷರತ್ತಿಲ್ಲದೆ ಮನ್ನಾ ಮಾಡಿ ಹಳೆಯ ಕಾಲದ ದರಕ್ಕೆ ಮರಳಿದ್ದು ಅವನ ಮೊದಲ ಕೆಲಸ. ಕೆಲಸ ಕಳೆದುಕೊಂಡ ಸಿಪಾಯಿಗಳಲ್ಲಿ ಅನೇಕರನ್ನು ಕಂದಾಚಾರದಲ್ಲಿ, ಅಂದರೆ ಕೋಟೆಕೊತ್ತಲ ಕಾಯುವ ನಾಡಪಡೆಯಲ್ಲಿ ಸೇರಿಸಿಕೊಂಡನು. ಅನುಭವಿಗಳಾದ ಹಳೆಯ ನೌಕರರನ್ನು ಬಿಡಲಿಲ್ಲ. ಅಪಹಾರಿಗಳ ಕಾಲವೆಂದು ಘೋಷಣೆಯಲ್ಲಿ ಅಳಿಸಿಹಾಕಿದ ಮೂವತ್ತೆಂಟು ವರ್ಷಗಳು ದಫ್ತರದಲ್ಲಿ ಅಳಿಯದೆ ಉಳಿದವು. ಹೀಗೆ ಉಳಿಸಿಕೊಳ್ಳುವುದನ್ನು ಕೆಲವರು ಅವಕಾಶವಾದವೆಂದಾರು. ಆದರೆ ಬಿದ್ದ ಆಳ್ವಿಕೆಯ ಕೆಳಗೆ ಬದುಕಿದ ಸಾಮಾನ್ಯರ ಕ್ರಯಪತ್ರ, ಸಾಲ, ಮದುವೆಯ ಉಡುಗೊರೆ, ಕೆರೆಯ ನೀರಿನ ಹಂಚಿಕೆ ಇವೆಲ್ಲವನ್ನೂ ಆ ಆಳ್ವಿಕೆಯೊಡನೆ ಅಸಿಂಧುಗೊಳಿಸುವ ಅಧಿಕಾರ ಯಾವ ಹಂಗಾಮಿ ಸರ್ಕಾರಕ್ಕೂ ನೀತಿದೃಷ್ಟಿಯಿಂದ ಇಲ್ಲವೆಂಬುದನ್ನು ಪೂರ್ಣಯ್ಯ ಕಂಡುಕೊಂಡಿದ್ದನೆನ್ನಬೇಕು.

ತೊಡಕಿರುವುದು ಇನ್ನೊಂದು ಕಡೆ. 1799ರ ಜುಲೈ 8ರ ಒಪ್ಪಂದದಂತೆ ಮೈಸೂರು ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡಗಳನ್ನು, ಅಂದರೆ ಆ ಹೆಸರಿನ ವರಹಗಳನ್ನು ಕಂಪನಿಗೆ ಸಲ್ಲಿಸಬೇಕಾಗಿತ್ತು. ಸಂದಾಯ ನಿಲ್ಲುವ ಭಯ ಕಂಡರೆ ಆಡಳಿತವನ್ನು ಕಂಪನಿ ನೇರವಾಗಿ ವಹಿಸಿಕೊಳ್ಳಬಹುದೆಂಬ ಕಲಮೂ ಅದರಲ್ಲಿತ್ತು. ದಿವಾನನ ಆಳ್ವಿಕೆ ಅರಸ ಪ್ರಾಪ್ತವಯಸ್ಕನಾಗುವವರೆಗೆ ಎಂಬುದು ಸ್ಪಷ್ಟವಿದ್ದರೂ ಕಂಪನಿಯ ಹಿಡಿತ ಎಲ್ಲಿಯವರೆಗೆ ಎಂಬುದಕ್ಕೆ ಕೊನೆಯೇ ಇರಲಿಲ್ಲ. 1831ರಲ್ಲಿ ನಗರ ಸೀಮೆಯ ರೈತರ ದಂಗೆಯ ನೆಪದಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆ ಕಲಮನ್ನು ಹೊರತೆಗೆದನು, ಮತ್ತು ಅರಮನೆಗೆ ಅಧಿಕಾರ ಮರಳಿದ್ದು 1881ರ ಮಾರ್ಚ್ 25ರಂದು. ಹಂಗಾಮಿ ಏರ್ಪಾಡು ಐವತ್ತು ವರ್ಷಗಳ ಕಮಿಷನರ್ ಆಳ್ವಿಕೆಗೆ ದಾರಿಯಾದದ್ದು ಪೂರ್ಣಯ್ಯನ ದುರಾಡಳಿತದಿಂದಲ್ಲ. ಎಂಥ ಸದಾಡಳಿತದಿಂದಲೂ ತುಂಬಿಕೊಡಲಾಗದ ಕೊರತೆಯೊಂದು ಮೂಲದಲ್ಲೇ ಇದ್ದುದರಿಂದ.

ಆ ಕೊರತೆ ಏನೆಂಬುದನ್ನು ಹೇಳುವುದಕ್ಕೆ ನ್ಯಾಸವೆಂಬ ಪರಿಕಲ್ಪನೆ ನೆರವಾಗುತ್ತದೆ. ಒಬ್ಬರ ಸೊತ್ತನ್ನು ಇನ್ನೊಬ್ಬರು ಕೇಳಿದಾಗ ಹಿಂದಿರುಗಿಸುವ ಕರಾರಿನ ಮೇಲೆ ಇಟ್ಟುಕೊಳ್ಳುವುದು ನ್ಯಾಸ, ಆಡುಮಾತಿನಲ್ಲಿ ಇಡುಗಂಟು. ಮುಳಬಾಗಿಲು ತಾಲ್ಲೂಕಿನ ಆವಣಿಯ ಬೆಟ್ಟದಲ್ಲಿ ವಾಲ್ಮೀಕಿಯ ಆಶ್ರಮವಿತ್ತು, ಸೀತೆ ಲವಕುಶರನ್ನು ಹೆತ್ತದ್ದು ಅಲ್ಲಿಯೇ ಎಂದು ನಂಬುವ ಈ ಸೀಮೆಯವರಿಗೆ ರಾಮಾಯಣದ ಭರತನನ್ನು ಪರಿಚಯಿಸಬೇಕಾಗಿಲ್ಲ. ಅವನು ಹದಿನಾಲ್ಕು ವರ್ಷ ನಂದಿಗ್ರಾಮದಲ್ಲಿ ನಡೆಸಿದ್ದು, ಈ ಹೊತ್ತಿನ ಮಾತಿನಲ್ಲಿ ಹೇಳುವುದಾದರೆ, ಹಂಗಾಮಿ ಸರ್ಕಾರವೇ. ಪಾದುಕೆಗಳಿಗೆ ಪಟ್ಟಕಟ್ಟಿ, ರಾಜಧಾನಿಗೆ ಕಾಲಿಡದೆ, ಜಟೆ ಧರಿಸಿ ಆಳಿದ ಅವನು ರಾಮನು ಹಿಂದಿರುಗಿದಾಗ ಒಪ್ಪಿಸಿದ ಲೆಕ್ಕವೆಂದರೆ ಬೊಕ್ಕಸವೂ ಕಣಜವೂ ಸೈನ್ಯವೂ ಹತ್ತು ಪಟ್ಟಾಗಿವೆ ಎಂಬುದು. ಯುದ್ಧಕಾಂಡದಲ್ಲಿ ಬರುವ ಇನ್ನೊಂದು ವಿವರ ಇದಕ್ಕಿಂತ ಮಹತ್ವದ್ದು. ಅಯೋಧ್ಯೆಗೆ ಹೋಗುವ ಮುಂಚೆ ರಾಮನು ಹನುಮಂತನನ್ನು ಕಳಿಸಿ, ತಾನು ಬರುತ್ತಿರುವ ಸುದ್ದಿ ಕೇಳಿದಾಗ ಭರತನ ಮುಖದ ಬಣ್ಣ, ನೋಟ, ಮಾತು ಹೇಗಿರುತ್ತವೆಂದು ನೋಡಿಕೊಂಡು ಬರಲು ಹೇಳುತ್ತಾನೆ. ತುಂಬಿದ ಪಿತ್ರಾರ್ಜಿತ ರಾಜ್ಯ ಯಾರ ಮನಸ್ಸನ್ನು ತಿರುಗಿಸದು ಎಂಬ ಸಂದೇಹ ಅವನಿಗೂ ಇತ್ತು. ಆಳುತ್ತ ಆಳುತ್ತ ಇಡುಗಂಟು ತನ್ನದೇ ಎನಿಸತೊಡಗುವ ಅಪಾಯವನ್ನು ಆದಿಕವಿ ಮುಚ್ಚಿಡಲಿಲ್ಲ.

ಪೂರ್ಣಯ್ಯನೂ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವನ್ನು ಬೊಕ್ಕಸದಲ್ಲಿ ಬಿಟ್ಟುಹೋದನು. ಆದರೆ ಹದಿನಾರು ದಾಟಿದ ಅರಸ 1811ರಲ್ಲಿ ಅಧಿಕಾರ ಕೇಳಿದಾಗ ಮುದಿ ದಿವಾನ ಅದನ್ನು ಬಿಡಲು ಮನಸ್ಸಿಲ್ಲದೆ ಬಿಟ್ಟನೆಂದು ಇತಿಹಾಸ ಹೇಳುತ್ತದೆ. ಮರುವರ್ಷದ ಮಾರ್ಚಿನಲ್ಲಿ ತೀರಿಕೊಂಡನು. ಇಲ್ಲಿ ಅವನನ್ನು ಹಳಿಯುವುದಕ್ಕಿಂತ ಇಡುಗಂಟು ಯಾರದೆಂಬ ಪ್ರಶ್ನೆ ಕೇಳುವುದು ಲೇಸು. ಭರತನಿಗೆ ಅದು ರಾಮನದು. ಪೂರ್ಣಯ್ಯನಿಗೆ ಅದು ಮಗುವಾದ ಅರಸನದು. ಆ ಅರಸನ ಹಿಂದೆ ನಿಂತ ಕಂಪನಿಗೆ ಲೆಕ್ಕ ಒಪ್ಪಿಸಬೇಕಾಗಿತ್ತು. ಬಾಕಿ ಮನ್ನಾ ಆದ ರೈತನಿಗೆ ಲೆಕ್ಕ ಒಪ್ಪಿಸಬೇಕಾಗಿರಲಿಲ್ಲ.

ಜನರ ಇಷ್ಟವನ್ನು ತಿಳಿದುಕೊಂಡೆವೆಂದು ಹೇಳಿಕೊಳ್ಳುವುದೂ ಕೇಳದಿರುವಷ್ಟೇ ಕೆಟ್ಟದ್ದಾಗಬಹುದು. 1834ರ ಏಪ್ರಿಲಿನಲ್ಲಿ ಕಂಪನಿಯ ಸೈನ್ಯ ಮಡಿಕೇರಿಯನ್ನು ಹಿಡಿದು ಕೊಡಗಿನ ಅರಸ ಚಿಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿತು; ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಪ್ರಕಟಣೆ ಕೊಡಗಿನ ನಿವಾಸಿಗಳೆಲ್ಲರ ಒಮ್ಮತದ ಇಚ್ಛೆಯಂತೆ ನಾಡು ಕಂಪನಿಗೆ ಸೇರಿದೆಯೆಂದು ಸಾರಿತು. ಮಾಲೂರು ತಾಲ್ಲೂಕಿನ ಮಾಸ್ತಿಯ ವೆಂಕಟೇಶ ಅಯ್ಯಂಗಾರರು ತಮ್ಮ ಕಾದಂಬರಿಗೆ ಈ ಅರಸನ ಪತನವನ್ನೇ ವಸ್ತುವಾಗಿ ಆರಿಸಿಕೊಂಡದ್ದು ಆಕಸ್ಮಿಕವಿರಲಾರದು. ದುಷ್ಟ ಅರಸನನ್ನು ಸಹಿಸಲಾರದ ಮಂತ್ರಿಗಳೂ ಜನರೂ ಪರರನ್ನು ಒಳಗೆ ಕರೆಯುವುದು ಧರ್ಮವೇ ಎಂಬ ಸಂಕಟ ಆ ಕಥೆಯ ಒಳಗಿದೆ. ಅರಸನು ಬೇಡವೆಂದವರೆಲ್ಲ ಕಂಪನಿ ಬೇಕೆಂದವರೆಂದು ತೀರ್ಮಾನಿಸಿದ್ದೇ ಫ್ರೇಸರನ ಪ್ರಕಟಣೆಯ ಮೋಸ. ಮೂರೇ ವರ್ಷಕ್ಕೆ, 1837ರಲ್ಲಿ, ಹಿಂದೆ ಕೊಡಗಿಗೇ ಸೇರಿದ್ದ ಅಮರ ಸುಳ್ಯದ ರೈತರು ಎದ್ದು ಮಂಗಳೂರಿನವರೆಗೆ ನುಗ್ಗಿ ಕೆಲವು ದಿನ ಆ ಊರನ್ನು ತಮ್ಮ ಕೈಯಲ್ಲಿಟ್ಟುಕೊಂಡಾಗ ಒಮ್ಮತದ ಬಣ್ಣ ಬಯಲಾಯಿತು. ಆ ರೈತರು ಮಾಡಿದ ಎರಡು ಕೆಲಸಗಳು ಕುತೂಹಲಕರ: ಕಂದಾಯ ಮನ್ನಾ, ಉಪ್ಪು ಹೊಗೆಸೊಪ್ಪಿನ ಸುಂಕ ರದ್ದು ಎಂದು ಸಾರಿದರು, ಮತ್ತು ಪುಟ್ಟಬಸಪ್ಪನೆಂಬ ಯುವಕನನ್ನು ರಾಜವಂಶದ ಕಲ್ಯಾಣಸ್ವಾಮಿಯೆಂದು ಮುಂದೆ ನಿಲ್ಲಿಸಿದರು. ಜನರೇ ಗೆದ್ದ ಊರನ್ನು ಆಳುವುದಕ್ಕೂ ವಂಶದ ಹೆಸರೊಂದು ಬೇಕಾಯಿತು. ತಮ್ಮ ಕಟ್ಟುಪಾಡೇ ಅಧಿಕಾರದ ಮೂಲವೆಂದು ಶಾಂತಿಪರ್ವ ಹೇಳಿದ್ದರೂ ಅದನ್ನು ಬಾಯಿಬಿಟ್ಟು ಹೇಳಿಕೊಳ್ಳುವ ಧೈರ್ಯ ಆಗಿನ್ನೂ ಬಂದಿರಲಿಲ್ಲ.

ಆ ಧೈರ್ಯ 20ನೆಯ ಶತಮಾನದಲ್ಲಿಯೂ ಸುಲಭವಾಗಿ ಬರಲಿಲ್ಲವೆಂಬುದಕ್ಕೆ ಫ್ರಾನ್ಸ್ ಸಾಕ್ಷಿ. ಜರ್ಮನರ ವಶದಲ್ಲಿದ್ದ ಆ ದೇಶದ ವಿಮೋಚನಾ ಸಮಿತಿ ಆಲ್ಜಿಯರ್ಸ್‌ನಲ್ಲಿ ತನ್ನನ್ನು ಹಂಗಾಮಿ ಸರ್ಕಾರವೆಂದು ಘೋಷಿಸಿಕೊಂಡದ್ದು 1944ರ ಜೂನ್ 3ರಂದು, ಮಿತ್ರಸೈನ್ಯ ನಾರ್ಮಂಡಿಯಲ್ಲಿ ಇಳಿಯುವ ಮೂರು ದಿನ ಮುಂಚೆ. ಪ್ಯಾರಿಸ್ ಬಿಡುಗಡೆಯಾದಾಗ ಗಣರಾಜ್ಯವನ್ನು ಘೋಷಿಸಿರೆಂದು ಜನರು ಕೇಳಿಕೊಂಡರೂ ಆ ಸರ್ಕಾರದ ಮುಖ್ಯಸ್ಥ ದ ಗಾಲ್ ಒಪ್ಪಲಿಲ್ಲ. ಗಣರಾಜ್ಯ ಎಂದೂ ಅಳಿದಿರಲಿಲ್ಲ, ಜರ್ಮನರಿಗೆ ಮಣಿದು ನಡೆದ ವಿಶಿಯ ಆಳ್ವಿಕೆಯೇ ಅಸಿಂಧು ಎಂಬುದು ಅವನ ನಿಲುವು. ನಾಲ್ಕು ವರ್ಷಗಳನ್ನು ಶೂನ್ಯವೆಂದ ಈ ವಾದಕ್ಕೂ ಮೂವತ್ತೆಂಟು ವರ್ಷಗಳನ್ನು ಶೂನ್ಯವೆಂದ ಕಂಪನಿಯ ವಾದಕ್ಕೂ ತರ್ಕದಲ್ಲಿ ಹೆಚ್ಚು ಅಂತರವಿಲ್ಲ. ಅಂತರವಿರುವುದು ಮುಂದಿನ ನಡೆಯಲ್ಲಿ: ಹೆಂಗಸರಿಗೂ ಮತದ ಹಕ್ಕು ಕೊಟ್ಟು, 1945ರ ಅಕ್ಟೋಬರ್ 21ರಂದು ಚುನಾವಣೆ ನಡೆಸಿ, ಹೊಸ ಸಂವಿಧಾನ ಬೇಕೇ ಎಂದು ಜನರನ್ನೇ ಕೇಳಲಾಯಿತು. ಹುಟ್ಟಿನಲ್ಲಿ ಒಪ್ಪಿಗೆಯಿಲ್ಲದಿದ್ದ ಆ ಸರ್ಕಾರ ಆ ಒಪ್ಪಿಗೆಯನ್ನು ಸಾಲವೆಂದು ತಿಳಿದು ತೀರಿಸಿತು.

ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯ ಚೆಂಗಲರಾಯ ರೆಡ್ಡಿಯವರು 1947ರಲ್ಲಿ ಮೈಸೂರಿನಲ್ಲಿ ಕಟ್ಟಿದ ಮಂತ್ರಿಮಂಡಲವನ್ನು ಈ ಸಾಲಿನಲ್ಲಿ ಇಡುವಾಗ ಒಂದು ಭೇದವನ್ನು ಒಪ್ಪಿಕೊಳ್ಳಬೇಕು. ಮೈಸೂರು ಆಗ ಯುದ್ಧದಲ್ಲಿ ಯಾರ ವಶವಾಗಿಯೂ ಇರಲಿಲ್ಲ. ಮಹಾರಾಜ ಜಯಚಾಮರಾಜ ಒಡೆಯರು ಆಗಸ್ಟಿನಲ್ಲಿ ಭಾರತ ಒಕ್ಕೂಟಕ್ಕೆ ಸೇರುವ ಪತ್ರಕ್ಕೆ ರುಜು ಹಾಕಿದ್ದರು. ಆದರೂ ಪರಮಾಧಿಕಾರದ, ಅಂದರೆ ಸಂಸ್ಥಾನಗಳ ಮೇಲೆ ಬ್ರಿಟಿಷರಿಗಿದ್ದ ಹಿಡಿತದ ಕೊನೆಯೊಂದಿಗೆ 1799ರ ಏರ್ಪಾಡಿನ ಆಧಾರವೇ ಕಳಚಿಬಿದ್ದಿತ್ತು, ಮತ್ತು ಅರಮನೆಯ ಮೂಲಕ ಅಧಿಕಾರ ಯಾರಿಗೆ ಹೋಗಬೇಕೆಂಬುದು ತೀರ್ಮಾನವಾಗಿರಲಿಲ್ಲ. ಸೆಪ್ಟೆಂಬರಿನ ‘ಮೈಸೂರು ಚಲೋ’ ಚಳವಳಿಯ ಬೇಡಿಕೆ ಜವಾಬ್ದಾರಿ ಸರ್ಕಾರ. ಮಂತ್ರಿಗಳು ಅರಸನಿಗಲ್ಲದೆ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ವ್ಯವಸ್ಥೆಗೆ ಆ ಹೆಸರು. ಅದರ ಹಿಂದೆ ಹಳೆಯ ನೆತ್ತರಿನ ಕಲೆಯೂ ಇತ್ತು: ಆಗ ಕೋಲಾರ ಜಿಲ್ಲೆಗೇ ಸೇರಿದ್ದ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ನೆರೆದವರ ಮೇಲೆ ಗುಂಡು ಹಾರಿತ್ತು. ಮುಳಬಾಗಿಲಿನ ಡಿ. ವಿ. ಗುಂಡಪ್ಪನವರು ಸಂಸ್ಥಾನಗಳ ಭವಿಷ್ಯವನ್ನು ಅರಸರಷ್ಟೇ ತೀರ್ಮಾನಿಸುವುದು ಸಲ್ಲದು, ಪ್ರಜೆಗಳಿಗೂ ಅದರಲ್ಲಿ ಸ್ಥಾನವಿರಬೇಕೆಂದು ಬಹುಕಾಲ ವಾದಿಸಿಕೊಂಡು ಬಂದಿದ್ದರು. ಆದರೆ ಅರಮನೆಯನ್ನು ಕೆಡವುವ ಉತ್ಸಾಹ ಅವರಿಗಿರಲಿಲ್ಲ. ಕ್ರಮವಾಗಿ ನಡೆದುಬಂದ ಸಂಸ್ಥೆಗಳ ಮೂಲಕವೇ ಬದಲಾವಣೆ ಬರಬೇಕೆಂಬ ಅವರ ನಿಲುವಿನಲ್ಲಿ ಪೂರ್ಣಯ್ಯನ ದಫ್ತರದ ವಿವೇಕವೂ ಶಾಂತಿಪರ್ವದ ಅನುಕ್ರಮವೂ ಕೂಡಿವೆಯೆನ್ನಬಹುದು.

ಅಕ್ಟೋಬರಿನಲ್ಲಿ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಾಗ ಅದು ಬಲಿಷ್ಠವಾದುದೇನೂ ಆಗಿರಲಿಲ್ಲ. ದಿವಾನ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಅರಮನೆಗೂ ಮಂತ್ರಿಗಳಿಗೂ ನಡುವೆ 1949ರವರೆಗೂ ಉಳಿದರು; ಮಂತ್ರಿಗಳು ಕುಳಿತದ್ದು ಮತದಾನದಿಂದಲ್ಲ, ಚಳವಳಿಯ ಒತ್ತಡ ಮತ್ತು ಒಪ್ಪಂದದಿಂದ. ಪೂರ್ಣಯ್ಯನಿಗಿದ್ದ ಅಧಿಕಾರದ ಅರ್ಧವೂ ರೆಡ್ಡಿಯವರಿಗೆ ಇರಲಿಲ್ಲವೆಂದರೂ ತಪ್ಪಾಗದು. ಇದ್ದದ್ದು ಪೂರ್ಣಯ್ಯನಿಗೆ ಇಲ್ಲದಿದ್ದ ಒಂದು ಸಂಗತಿ: ಈ ಏರ್ಪಾಡಿನೊಳಗೇ ಇದರ ಕೊನೆಯೂ ಬರೆದಿತ್ತು. 1948ರಲ್ಲಿ ಮೈಸೂರಿನ ಸಂವಿಧಾನ ಸಭೆ ಕೂಡಿತು. ಪ್ರತ್ಯೇಕ ಸಂವಿಧಾನ ಬೇಡ, ಭಾರತದ ಸಂವಿಧಾನವನ್ನೇ ಒಪ್ಪಬೇಕೆಂದು ಅದು ಮುಂದೆ ಶಿಫಾರಸು ಮಾಡಿತು. 1949ರ ನವೆಂಬರಿನಲ್ಲಿ ಮಹಾರಾಜರು ಅದನ್ನು ಅಂಗೀಕರಿಸಿದರು. 1881ರಲ್ಲಿ ದಿವಾನ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾಗಿದ್ದ ಪ್ರಜಾಪ್ರತಿನಿಧಿ ಸಭೆ ಕೊನೆಗೊಂಡು, ಚುನಾವಣೆಯವರೆಗೆ ಸಂವಿಧಾನ ಸಭೆಯೇ ಶಾಸನಸಭೆಯ ಕೆಲಸ ಮಾಡಿತು. ತನ್ನ ಜಾಗಕ್ಕೆ ಬರಬೇಕಾದವರನ್ನು ಜನರು ಆರಿಸುವ ದಾರಿಯನ್ನು ಹಂಗಾಮಿ ಸರ್ಕಾರವೇ ಸಿದ್ಧಮಾಡಬೇಕಾಗಿ ಬಂದದ್ದು ಇಲ್ಲಿನ ವಿಶೇಷ.

1952ರ ಚುನಾವಣೆಯಲ್ಲಿ ರೆಡ್ಡಿಯವರ ಪಕ್ಷವಾದ ಕಾಂಗ್ರೆಸ್ಸೇ ಗೆದ್ದಿತು. ಆದರೆ ಮಾರ್ಚ್ 30ರಂದು ಮುಖ್ಯಮಂತ್ರಿಯಾದವರು ಕೆಂಗಲ್ ಹನುಮಂತಯ್ಯನವರು. ರೆಡ್ಡಿಯವರು ಇಳಿದದ್ದು ವೈರಾಗ್ಯದಿಂದಲ್ಲ. ಪಕ್ಷದೊಳಗಿನ ಪೈಪೋಟಿಯ ಪಾಲು ಅದರಲ್ಲಿ ದೊಡ್ಡದಿತ್ತು, ಮತ್ತು ಅವರಿಗೆ ಇಳಿಯುವ ಇಷ್ಟವಿತ್ತೋ ಇಲ್ಲವೋ ಎಂಬುದನ್ನು ಯಾರೂ ಮುಖ ನೋಡಿ ಪರೀಕ್ಷಿಸಬೇಕಾದ ಪ್ರಮೇಯ ಬರಲಿಲ್ಲ. ನಂದಿಗ್ರಾಮದ ವ್ಯವಸ್ಥೆ ಭರತನಂಥ ಒಬ್ಬನ ಮನಸ್ಸನ್ನು ನಂಬಿ ನಿಂತಿತ್ತು, 1799ರದು ಕಂಪನಿಯ ದಯೆಯನ್ನು. ಮೈಸೂರಿನ ಮತದಾರರು ಆ ವರ್ಷ ಎರಡರ ಹಂಗೂ ಇಲ್ಲದೆ ತಮ್ಮ ಶಾಸನಸಭೆಯನ್ನು ಆರಿಸಿಕೊಂಡರು.